ನೀರಿನಡಿಯ ಸಾವು ಮತ್ತು ಸಾಕ್ಷಿಕಟ್ಟೆಯ ತಜ್ಞ

(ತುಮಕೂರಿನಲ್ಲಿ ಕಿರಿಯ ವಕೀಲರ ಅಧ್ಯಯನ ಕೂಟದ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ವಕೀಲ ಮಿತ್ರರೇ,

ಕಡಲಿನಿಂದ ಇಷ್ಟು ದೂರದ ತುಮಕೂರಿನಲ್ಲಿ ಸ್ಕೂಬಾ ಡೈವಿಂಗ್ ಕುರಿತ ತಜ್ಞ ಸಾಕ್ಷ್ಯಕ್ಕೆ ಏನು ಕೆಲಸ ಎಂದು ಆಹ್ವಾನ ಪತ್ರಿಕೆ ಓದಿದ ಒಬ್ಬಿಬ್ಬರು ಕೇಳಿದ್ದಾರೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಕಲಂ ಅದಕ್ಕೆ ಉತ್ತರ ಕೊಡುತ್ತದೆ. ದೂರುದಾರರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಆಯೋಗದ ಹಣದ ಮಿತಿಯನ್ನು ಕೇಳಿದ ಪರಿಹಾರದ ಮೇಲೆ ಲೆಕ್ಕ ಹಾಕದೆ ಸೇವೆಗಾಗಿ ಕೊಟ್ಟ ಹಣದ ಮೇಲೆ ಲೆಕ್ಕ ಹಾಕುವುದರಿಂದ, ಕೆಲವು ಸಾವಿರ ರೂಪಾಯಿ ಶುಲ್ಕದ ಡೈವಿಂಗ್‌ನಲ್ಲಿ ಜೀವವೇ ಹೋಗಿದ್ದರೂ ಪ್ರಕರಣ ಜಿಲ್ಲಾ ಆಯೋಗದಲ್ಲೇ ಶುರುವಾಗುತ್ತದೆ. ನಮ್ಮ ಜಿಲ್ಲೆಯ ಹುಡುಗರು ಶುಕ್ರವಾರ ರಾತ್ರಿ ಟಿಟಿ ಮಾಡಿಕೊಂಡು ಮುರ್ಡೇಶ್ವರಕ್ಕೆ ಹೋಗುತ್ತಾರೆ, ಶನಿವಾರ ಬೆಳಿಗ್ಗೆ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುತ್ತಾರೆ, ಸೋಮವಾರ ಕೆಲಸಕ್ಕೆ ಹಾಜರಾಗುತ್ತಾರೆ. ಅವರಲ್ಲಿ ಒಬ್ಬರು ಹಿಂದಿರುಗದೇ ಹೋದರೆ, ಸಮುದ್ರವನ್ನೇ ಹತ್ತಿರದಿಂದ ನೋಡದ ವಕೀಲರೊಬ್ಬರು ಇಲ್ಲಿನ ಆಯೋಗದಲ್ಲಿ ಸಮುದ್ರದ ತಜ್ಞರನ್ನು ಪ್ರಶ್ನಿಸಬೇಕಾಗುತ್ತದೆ.

ತಜ್ಞರ ಅಭಿಪ್ರಾಯವನ್ನು ನ್ಯಾಯಾಲಯ ಕೇಳುವ ಪದ್ಧತಿಗೆ ಒಂದು ರೀತಿಯಲ್ಲಿ ಸಮುದ್ರವೇ ತವರು. 1782ರಲ್ಲಿ ಇಂಗ್ಲೆಂಡಿನ ವೆಲ್ಸ್ ಬಂದರಿನಲ್ಲಿ ಹೂಳು ತುಂಬಿದ್ದು ಯಾವ ಕಾರಣಕ್ಕೆ ಎಂಬ ವ್ಯಾಜ್ಯದಲ್ಲಿ, ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಿದ ಎಂಜಿನಿಯರ್ ಜಾನ್ ಸ್ಮೀಟನ್ ಅವರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಪಡೆಯಬಹುದೆಂದು ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದರು. ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಮಿನಲ್ಲಿದ್ದ ವಿಷಯ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 39ನೇ ಕಲಮಾಗಿದೆ. ಹಳೆಯ ಕಲಂ ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚು ಎಂದಷ್ಟೇ ಹೇಳುತ್ತಿತ್ತು; ಹೊಸದು ‘ಅಥವಾ ಬೇರಾವುದೇ ಕ್ಷೇತ್ರ’ ಎಂದು ಸೇರಿಸಿದೆ. ಡೈವಿಂಗ್ ಇನ್‌ಸ್ಟ್ರಕ್ಟರ್ ತಜ್ಞರೋ ಅಲ್ಲವೋ ಎಂದು ಬಾಗಿಲಲ್ಲೇ ತಡೆಯುವ ವಾದಕ್ಕೆ ಇನ್ನು ಹೆಚ್ಚು ಬಲವಿಲ್ಲ. ಅವರನ್ನು ಒಳಗೆ ಬಿಟ್ಟ ಮೇಲೆ ಏನು ಕೇಳುತ್ತೇವೆ ಎಂಬುದರ ಮೇಲೆ ಪ್ರಕರಣ ನಿಂತಿದೆ.

ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಳ್ಳೋಣ. ತುಮಕೂರಿನ ಮೂವತ್ತನಾಲ್ಕು ವರ್ಷದ ವ್ಯಕ್ತಿ, ಜೀವನದಲ್ಲಿ ಮೊದಲ ಸಲ, ತರಬೇತಿ ಪ್ರಮಾಣಪತ್ರವಿಲ್ಲದೆ, ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಇಳಿಯುತ್ತಾರೆ. ಅದೇ ಇನ್‌ಸ್ಟ್ರಕ್ಟರ್ ಬಳಿ ಇನ್ನಿಬ್ಬರು ಗ್ರಾಹಕರಿದ್ದಾರೆ. ಸುಮಾರು ಒಂಬತ್ತು ಮೀಟರ್ ಆಳದಲ್ಲಿ, ಹನ್ನೆರಡನೇ ನಿಮಿಷದ ಹೊತ್ತಿಗೆ, ಅವರಿಗೆ ಏನೋ ಆಗುತ್ತದೆ. ಮೇಲೆ ತರುತ್ತಾರೆ, ದೋಣಿಯಲ್ಲೇ ಪ್ರಾಣ ಹೋಗುತ್ತದೆ. ಪತ್ನಿ ದೂರು ಕೊಡುತ್ತಾರೆ. ಸಂಸ್ಥೆಯವರ ಪರವಾಗಿ ಇಪ್ಪತ್ತು ವರ್ಷ ಅನುಭವದ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ ಹೀಗೆ ಹೇಳುತ್ತಾರೆ: ಸಲಕರಣೆ ಸರಿಯಾಗಿತ್ತು, ಮೇಲೆ ತಂದ ವೇಗ ಸುರಕ್ಷಿತವಾಗಿತ್ತು, ಮೃತರು ಗಾಬರಿಯಿಂದ ಉಸಿರು ಬಿಗಿಹಿಡಿದರು, ಅದರಿಂದ ಶ್ವಾಸಕೋಶ ಹರಿದು ರಕ್ತನಾಳಕ್ಕೆ ಗಾಳಿ ಸೇರಿತು.

ಈ ಒಂದು ವಾಕ್ಯದಲ್ಲಿ ನಾಲ್ಕು ಬೇರೆ ಬೇರೆ ವಿದ್ಯೆಗಳಿವೆ, ಸಾಕ್ಷಿ ಒಬ್ಬರೇ ಇದ್ದಾರೆ.

ಡೈವಿಂಗ್ ಸಾವುಗಳ ಅಧ್ಯಯನದಲ್ಲಿ ಇದನ್ನು ಬಿಡಿಸಿ ನೋಡುವ ಒಂದು ಕ್ರಮವಿದೆ. ಡೈವಿಂಗ್ ಸುರಕ್ಷತೆಗಾಗಿ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಪೀಟರ್ ಡೆನೋಬಲ್ ಮತ್ತು ಸಂಗಡಿಗರು 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರತಿ ಸಾವನ್ನೂ ನಾಲ್ಕು ಕೊಂಡಿಗಳ ಸರಪಳಿಯಾಗಿ ನೋಡುತ್ತದೆ. ತೊಂದರೆಯನ್ನು ಆರಂಭಿಸಿದ ಘಟನೆ ಮೊದಲನೆಯದು. ಅದರಿಂದ ಹುಟ್ಟಿದ ಅಪಾಯಕಾರಿ ಸ್ಥಿತಿ ಎರಡನೆಯದು. ದೇಹವನ್ನು ನಿಷ್ಕ್ರಿಯಗೊಳಿಸಿದ ಪೆಟ್ಟು ಮೂರನೆಯದು. ವೈದ್ಯರು ಬರೆದ ಮರಣ ಕಾರಣ ನಾಲ್ಕನೆಯದು. ಆರಂಭದ ಘಟನೆ ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇ. 41ರಲ್ಲಿ ಗಾಳಿ ಸಾಲದೆ ಹೋದದ್ದು, ಶೇ. 20ರಲ್ಲಿ ಸಿಕ್ಕಿಹಾಕಿಕೊಂಡದ್ದು, ಶೇ. 15ರಲ್ಲಿ ಸಲಕರಣೆಯ ತೊಂದರೆ ಕಾರಣವಾಗಿತ್ತು. ನಮ್ಮ ಕೈಗೆ ಬರುವ ಮರಣೋತ್ತರ ವರದಿಯಲ್ಲಿ ಸಾಮಾನ್ಯವಾಗಿ ‘ನೀರಿನಲ್ಲಿ ಮುಳುಗಿ ಉಸಿರುಗಟ್ಟಿ’ ಎಂದು ಇರುತ್ತದೆ. ಅದು ನಾಲ್ಕನೆಯ ಕೊಂಡಿ. ನಿರ್ಲಕ್ಷ್ಯ ಇರುವುದು ಬಹುಮಟ್ಟಿಗೆ ಮೊದಲ ಎರಡರಲ್ಲಿ. ತಜ್ಞರ ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಒಂದು ಪೆನ್ಸಿಲ್ ಹಿಡಿದು, ಯಾವ ವಾಕ್ಯ ಯಾವ ಕೊಂಡಿಗೆ ಸೇರಿದ್ದು ಎಂದು ಅಂಚಿನಲ್ಲಿ ಅಂಕಿ ಬರೆಯುತ್ತಾ ಹೋದರೆ ಪಾಟೀಸವಾಲಿನ ಅರ್ಧ ಸಿದ್ಧತೆ ಮುಗಿದಂತೆಯೇ.

ಇನ್‌ಸ್ಟ್ರಕ್ಟರ್‌ಗೆ ತರಬೇತಿಯ ನಿಯಮ, ನೀರಿನ ಸ್ಥಿತಿ, ಗ್ರಾಹಕರನ್ನು ನೋಡಿಕೊಳ್ಳುವ ರೀತಿ ಗೊತ್ತು. ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಒಳಗಿನ ಕವಾಟ ಯಾವ ಒತ್ತಡದಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಎಂಜಿನಿಯರ್ ವಿಷಯ. ರಕ್ತನಾಳದಲ್ಲಿ ಗಾಳಿ ಇತ್ತೇ ಎಂಬುದು ವೈದ್ಯರ ವಿಷಯ. ನಮ್ಮ ಕಡೆ ಸಾವಿರ ಬೋರ್‌ವೆಲ್ ಕೊರೆದ ರಿಗ್ ಮಾಲೀಕರಿಗೆ ಕಲ್ಲಿನ ಗಟ್ಟಿತನ ಯಾವ ಭೂವಿಜ್ಞಾನಿಗಿಂತಲೂ ಚೆನ್ನಾಗಿ ತಿಳಿದಿರುತ್ತದೆ, ಆದರೆ ಪಕ್ಕದ ತೋಟದ ಬಾವಿ ಬತ್ತಿದ್ದು ಈ ಬೋರ್‌ವೆಲ್‌ನಿಂದಲೇ ಎಂದು ಅವರು ಹೇಳಿದರೆ ನಾವು ಒಪ್ಪುವುದಿಲ್ಲ. ಹಿಮಾಚಲ ಪ್ರದೇಶ ಸರ್ಕಾರ ಮತ್ತು ಜೈ ಲಾಲ್ ನಡುವಿನ 1999ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದೂ ಇಂಥ ಪ್ರಶ್ನೆಯೇ: ತೋಟಗಾರಿಕೆ ಅಧಿಕಾರಿಯೊಬ್ಬರು ಸೇಬಿನ ಫಸಲನ್ನು ಅಂದಾಜು ಮಾಡಿದ್ದರು, ಹುದ್ದೆ ಇದ್ದ ಮಾತ್ರಕ್ಕೆ ಆ ನಿರ್ದಿಷ್ಟ ವಿಷಯದಲ್ಲಿ ಅವರನ್ನು ತಜ್ಞರೆಂದು ನ್ಯಾಯಾಲಯ ಒಪ್ಪಲಿಲ್ಲ. ರಮೇಶ್ ಚಂದ್ರ ಅಗರ್‌ವಾಲ್ ಪ್ರಕರಣದಲ್ಲಿ, 2009ರಲ್ಲಿ, ಅದೇ ನ್ಯಾಯಾಲಯ ಇನ್ನೂ ವಿವರವಾಗಿ ಹೇಳಿತು: ತಜ್ಞರ ಮಾತು ಸಲಹೆಯ ಸ್ವರೂಪದ್ದು, ತೀರ್ಮಾನವನ್ನು ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಮಾನದಂಡವನ್ನು ನ್ಯಾಯಾಧೀಶರ ಕೈಗೆ ಕೊಡುವುದು ಅವರ ಕರ್ತವ್ಯ. ಇಪ್ಪತ್ತು ವರ್ಷದ ಅನುಭವವನ್ನು ಅಲ್ಲಗಳೆಯಲು ಹೊರಡುವ ವಕೀಲರು ಸಾಮಾನ್ಯವಾಗಿ ಸೋಲುತ್ತಾರೆ. ಅನುಭವವನ್ನು ಪೂರ್ತಿ ಒಪ್ಪಿಕೊಂಡು, ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಸಾಕ್ಷಿಯ ಬಾಯಿಂದಲೇ ಹೇಳಿಸುವುದು ಹೆಚ್ಚು ಲಾಭದ ದಾರಿ.

ಮೇಲೆ ಬಂದ ವೇಗದ ವಿಷಯವನ್ನು ಹತ್ತಿರದಿಂದ ನೋಡೋಣ. ಡೈವ್ ಕಂಪ್ಯೂಟರ್ ಎಂಬ ಕೈಗಡಿಯಾರದಂಥ ಸಾಧನ ಆಳ ಮತ್ತು ಸಮಯವನ್ನು ದಾಖಲಿಸುತ್ತದೆ. ಅದು ಪ್ರತಿ ಕ್ಷಣವನ್ನೂ ಬರೆದಿಡಬೇಕೆಂದಿಲ್ಲ. ಮಾದರಿಗೆ ತಕ್ಕಂತೆ, ಹೊಂದಿಸಿದ್ದಕ್ಕೆ ತಕ್ಕಂತೆ ಕೆಲವು ಸೆಕೆಂಡುಗಳಿಗೊಮ್ಮೆ ಬರೆಯುತ್ತದೆ. ನಮ್ಮ ಪ್ರಕರಣದಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ ಎಂದುಕೊಳ್ಳಿ. ಮುದ್ರಿತ ಹಾಳೆಯಲ್ಲಿ ಕೊನೆಯ ನಾಲ್ಕು ಸಾಲುಗಳು: 8.8 ಮೀಟರ್, 8.6 ಮೀಟರ್, 4.1 ಮೀಟರ್, ಸೊನ್ನೆ. ಅರವತ್ತು ಸೆಕೆಂಡಿನಲ್ಲಿ 8.8 ಮೀಟರ್ ಏರಿದ್ದಾರೆ, ಆದ್ದರಿಂದ ಇಂದು ವ್ಯಾಪಕವಾಗಿ ಶಿಫಾರಸು ಮಾಡುವ ನಿಮಿಷಕ್ಕೆ 9 ಮೀಟರ್ ಮಿತಿಯೊಳಗೇ ಇದ್ದಾರೆ ಎಂದು ತಜ್ಞರು ಬರೆದಿದ್ದಾರೆ. ಪಾಟೀಸವಾಲು ಹೀಗೆ ಸಾಗಬಹುದು:

“ಏರುವ ವೇಗಕ್ಕೆ ನೀವು ಒಪ್ಪುವ ಮಿತಿ ಯಾವುದು?”
“ನಿಮಿಷಕ್ಕೆ 9 ಮೀಟರ್.”
“ಅದು ಇಡೀ ಏರಿಕೆಯ ಸರಾಸರಿಯೋ, ಪ್ರತಿ ಹಂತದಲ್ಲೂ ಮೀರಬಾರದ ಮಿತಿಯೋ?”
“ಪ್ರತಿ ಹಂತದಲ್ಲೂ ಪಾಲಿಸಬೇಕು.”
“ಎರಡನೇ ಸಾಲಿನಿಂದ ಮೂರನೇ ಸಾಲಿಗೆ ಎಷ್ಟು ಮೀಟರ್ ಏರಿದ್ದಾರೆ?”
“ನಾಲ್ಕೂವರೆ.”
“ಇಪ್ಪತ್ತು ಸೆಕೆಂಡಿನಲ್ಲಿ?”
“ಹೌದು.”
“ನಿಮಿಷಕ್ಕೆ ಲೆಕ್ಕ ಹಾಕಿದರೆ?”
“ಹದಿಮೂರೂವರೆ.”
“ಕೊನೆಯ 4.1 ಮೀಟರನ್ನು ಇಪ್ಪತ್ತು ಸೆಕೆಂಡು ತೆಗೆದುಕೊಂಡು ಏರಿದರೋ ಆರು ಸೆಕೆಂಡಿನಲ್ಲಿ ಏರಿದರೋ, ಈ ಹಾಳೆಯಿಂದ ಹೇಳಬಹುದೆ?”
“ಹೇಳಲಾಗದು.”
“ಈ ಕಂಪ್ಯೂಟರ್ ಮೃತರ ಕೈಯಲ್ಲಿತ್ತೆ?”
“ಇಲ್ಲ, ಇನ್‌ಸ್ಟ್ರಕ್ಟರ್ ಕೈಯಲ್ಲಿತ್ತು.”

ಇಲ್ಲಿಗೆ ನಿಲ್ಲಿಸಬೇಕು. ‘ಹಾಗಾದರೆ ನಿಮ್ಮ ಅಭಿಪ್ರಾಯ ತಪ್ಪು ತಾನೆ?’ ಎಂದು ಕೇಳುವ ಚಪಲ ನಮ್ಮೆಲ್ಲರಿಗೂ ಇದೆ. ಕೇಳಿದರೆ ಸಾಕ್ಷಿಗೆ ಒಂದು ಪುಟ ವಿವರಣೆ ಕೊಡುವ ಅವಕಾಶ ನಾವೇ ಮಾಡಿಕೊಟ್ಟಂತೆ. ಪ್ರಶ್ನೆಗಳ ಅನುಕ್ರಮವನ್ನೂ ಗಮನಿಸಿ. ಮಿತಿಯನ್ನು ಮೊದಲು ಒಪ್ಪಿಸಿ, ಹಾಳೆಯನ್ನು ಆಮೇಲೆ ಕೈಗೆ ಕೊಡಬೇಕು. ಹಾಳೆ ಮೊದಲು ಕೊಟ್ಟರೆ, ನಿಮಿಷಕ್ಕೆ 18 ಮೀಟರ್ ಎಂಬ ಹಳೆಯ ಮಿತಿ ಸಾಕ್ಷಿಗೆ ಹಠಾತ್ತನೆ ನೆನಪಿಗೆ ಬರುತ್ತದೆ.

ಸಲಕರಣೆ ಸರಿಯಾಗಿತ್ತು ಎಂಬ ಮಾತು ಇನ್ನೂ ರಸವತ್ತಾದದ್ದು. ಮಹಜರಿನಲ್ಲಿ ‘ಸಿಲಿಂಡರ್ ವಾಲ್ವ್ ಬಂದ್ ಇದೆ, ಗೇಜ್‌ನಲ್ಲಿ 110’ (ಅಂದರೆ ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ, ಬಾರ್ ಲೆಕ್ಕದಲ್ಲಿ) ಎಂದಷ್ಟೇ ಬರೆದಿದ್ದಾರೆ ಎಂದುಕೊಳ್ಳಿ. ವಾಲ್ವ್ ಬಂದ್ ಮಾಡಿದವರು ಯಾರು, ಎಷ್ಟು ಸುತ್ತು ತಿರುಗಿಸಿದ ಮೇಲೆ ಅದು ಬಂದ್ ಆಯಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಮುಂದಿನ ಪರೀಕ್ಷೆಯೆಲ್ಲ ಅರ್ಧ ಕುರುಡು. ವಾಲ್ವ್ ಸ್ವಲ್ಪವೇ ತೆರೆದಿದ್ದರೂ ದೋಣಿಯ ಮೇಲೆ ಉಸಿರಾಡಿ ನೋಡಿದಾಗ ಗಾಳಿ ಸರಾಗವಾಗಿ ಬರುತ್ತದೆ. ಪ್ರತಿ ಹತ್ತು ಮೀಟರಿಗೆ ಒತ್ತಡ ಸುಮಾರು ಒಂದು ಬಾರ್ ಹೆಚ್ಚುವುದರಿಂದ, ಆಳದಲ್ಲಿ ಒಂದು ಉಸಿರಿಗೆ ಹೆಚ್ಚು ಗಾಳಿ ಬೇಕು. ಆಗ ಆ ಕಿರಿದಾದ ದಾರಿ ಸಾಲದೆ ಹೋಗಬಹುದು. ಗೇಜ್ ನೋಡುತ್ತಾ ಉಸಿರೆಳೆದರೆ ಮುಳ್ಳು ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಮೇಲೇಳುವುದು ಇದರ ಗುರುತು. ನೀರಿಗಿಳಿಯುವ ಮುನ್ನ ಗೇಜ್ ಮೇಲೆ ಕಣ್ಣಿಟ್ಟು ಎರಡು ಮೂರು ಬಾರಿ ಉಸಿರೆಳೆದು ನೋಡಿ ಎಂದು ಕಲಿಸುವುದು ಇದಕ್ಕೇ. ಪ್ರಯೋಗಾಲಯದವರು ಅದೇ ರೆಗ್ಯುಲೇಟರನ್ನು ಬೇರೊಂದು ತುಂಬಿದ ಸಿಲಿಂಡರಿಗೆ ಹಾಕಿ, ವಾಲ್ವ್ ಪೂರ್ತಿ ತೆರೆದು, ‘ಸರಿಯಾಗಿ ಕೆಲಸ ಮಾಡುತ್ತಿದೆ’ ಎಂದು ವರದಿ ಕೊಟ್ಟರೆ ಆ ವರದಿ ರೆಗ್ಯುಲೇಟರ್ ಬಗ್ಗೆ ನಿಜ. ಅಂದಿನ ಉಸಿರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದ 45ನೇ ಕಲಂ, ಅಭಿಪ್ರಾಯದ ಆಧಾರಗಳೂ ಸುಸಂಗತ ಎಂದು ಹೇಳಿ, ತಜ್ಞರು ತಾವು ಮಾಡಿದ ಪ್ರಯೋಗಗಳನ್ನು ವಿವರಿಸಬಹುದೆಂಬ ಉದಾಹರಣೆಯನ್ನೂ ಕೊಡುತ್ತದೆ. ಆ ಪ್ರಯೋಗವನ್ನು ಹೇಗೆ ಮಾಡಿದಿರಿ ಎಂದು ಕೇಳುವ ಹಕ್ಕು ನಮಗೆ ಅಲ್ಲಿಂದಲೇ ಬರುತ್ತದೆ.

ಇದು ಎರಡೂ ಕಡೆ ಕೊಯ್ಯುತ್ತದೆ ಎಂಬುದನ್ನು ದೂರುದಾರರ ಪರ ವಕೀಲರು ಮರೆಯಬಾರದು. ಉಪ್ಪುನೀರಿನಿಂದ ಬಂದ ರೆಗ್ಯುಲೇಟರನ್ನು ಸಿಹಿನೀರಿನಲ್ಲಿ ತೊಳೆಯದೆ, ಚೀಲಕ್ಕೆ ತುಂಬಿ, ಮುದ್ದೆಮಾಲು ಕೊಠಡಿಯ ಮೂಲೆಯಲ್ಲಿ ಎಂಟು ತಿಂಗಳು ಇಟ್ಟರೆ ಉಪ್ಪು ಹರಳುಗಟ್ಟಿ ಒಳಭಾಗ ಬಿಗಿಯಾಗುತ್ತದೆ. ಆಮೇಲೆ ನಮ್ಮ ತಜ್ಞರು ‘ಉಸಿರೆಳೆಯಲು ಕಷ್ಟವಾಗುತ್ತಿದೆ’ ಎಂದು ವರದಿ ಕೊಟ್ಟರೆ, ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನೀವೇ ಊಹಿಸಬಹುದು.

ಆ ಗೇಜ್‌ನ 110ರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಡೈವಿಂಗ್‌ನಲ್ಲಿ ಬಹುವಾಗಿ ಬಳಸುವ ಅಲ್ಯುಮಿನಿಯಂ ಸಿಲಿಂಡರಿನ ಒಳ ಅಳತೆ 11.1 ಲೀಟರ್. 200 ಬಾರ್‌ನಿಂದ 110ಕ್ಕೆ ಇಳಿದಿದ್ದರೆ 90 ಬಾರ್ ಖರ್ಚಾಗಿದೆ, ಅಂದರೆ ಸುಮಾರು 1,000 ಲೀಟರ್ ಗಾಳಿ. ಹನ್ನೆರಡು ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 83 ಲೀಟರ್. ಒಂಬತ್ತು ಮೀಟರ್ ಆಳದ ಒತ್ತಡ, ಮೇಲ್ಮೈಯ ಒಂದು ಬಾರ್ ಸೇರಿ, 1.9 ಬಾರ್ ಆದ್ದರಿಂದ ಅದರಿಂದ ಭಾಗಿಸಿದರೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 44 ಲೀಟರ್. ನಿರಾಳವಾಗಿರುವ ವ್ಯಕ್ತಿಗೆ 15ರಿಂದ 20 ಲೀಟರ್ ಸಾಕು. ಈ ಲೆಕ್ಕವನ್ನು ಸಾಕ್ಷಿಕಟ್ಟೆಯಲ್ಲೇ ತಜ್ಞರಿಂದ ಮಾಡಿಸಬಹುದು, ಕ್ಯಾಲ್ಕುಲೇಟರ್ ನಾವೇ ಕೊಡೋಣ. ಎಲ್ಲವೂ ಕೊನೆಯ ಕ್ಷಣದ ಗಾಬರಿ ಎಂಬ ಕಥೆಗೆ ಈ ಅಂಕಿ ಹೊಂದುವುದಿಲ್ಲ: ಒಂದೋ ಆ ವ್ಯಕ್ತಿ ಹನ್ನೆರಡು ನಿಮಿಷದ ಬಹುಪಾಲು ಏದುಸಿರು ಬಿಡುತ್ತಿದ್ದರು, ಇಲ್ಲವೇ ಗಾಳಿ ಎಲ್ಲೋ ಸೋರುತ್ತಿತ್ತು, ಎರಡರಲ್ಲಿ ಯಾವುದಾದರೂ ಅದನ್ನು ಗಮನಿಸಬೇಕಾದವರು ಪಕ್ಕದಲ್ಲೇ ಇದ್ದರು. ಆದರೆ ಆರಂಭದಲ್ಲಿ 200 ಬಾರ್ ಇತ್ತು ಎಂದು ಬರೆದಿಟ್ಟವರು ಯಾರು? ಮೇಲೆ ಬಂದ ಮೇಲೆ ಗಾಳಿ ಸೋರಿತೇ? ಈ ಎರಡಕ್ಕೆ ದಾಖಲೆ ಇಲ್ಲದಿದ್ದರೆ ಎದುರು ವಕೀಲರು ನಮ್ಮ ಲೆಕ್ಕವನ್ನು ಒಂದೇ ಉಸಿರಿನಲ್ಲಿ ಅಲುಗಾಡಿಸುತ್ತಾರೆ.

ಈಗ ಶ್ವಾಸಕೋಶ ಹರಿದ ಮಾತು. ಉಸಿರು ಬಿಗಿಹಿಡಿದು ಏರಿದರೆ ಒಳಗಿನ ಗಾಳಿ ಹಿಗ್ಗುತ್ತದೆ. ಹತ್ತು ಮೀಟರ್‌ನಿಂದ ಮೇಲ್ಮೈಗೆ ಬರುವಾಗ ಎರಡರಷ್ಟಾಗುತ್ತದೆ. ತುಂಬಿದ ಉಸಿರಿನಲ್ಲಿ ಒಂದು, ಒಂದೂವರೆ ಮೀಟರ್ ಏರಿಕೆಯೂ ಅಪಾಯಕ್ಕೆ ಸಾಕು. ಇಷ್ಟು ಭೌತಶಾಸ್ತ್ರ, ಇದರಲ್ಲಿ ವಿವಾದವಿಲ್ಲ. ಈ ವ್ಯಕ್ತಿ ಉಸಿರು ಹಿಡಿದಿದ್ದರು ಎಂಬುದಕ್ಕೆ ಏನು ಆಧಾರ? ಮರಣೋತ್ತರ ವರದಿಯಲ್ಲಿ ‘ಹೃದಯದಲ್ಲಿ ಗಾಳಿಗುಳ್ಳೆಗಳು ಕಂಡವು’ ಎಂಬ ಸಾಲನ್ನು ತೋರಿಸುತ್ತಾರೆ. ಡೈವಿಂಗ್ ಸಾವುಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಸಾಲು ಇದು. ಒತ್ತಡದಲ್ಲಿ ದೇಹದಲ್ಲಿ ಕರಗಿದ್ದ ಅನಿಲ ಸತ್ತ ಮೇಲೂ ಗುಳ್ಳೆಯಾಗಿ ಹೊರಬರುತ್ತದೆ. ಕೊಳೆಯುವಿಕೆಯಿಂದ ಅನಿಲ ಹುಟ್ಟುತ್ತದೆ. ಎದೆಗೂಡು, ತಲೆಬುರುಡೆ ತೆರೆಯುವಾಗಲೇ ನಾಳಗಳಿಗೆ ಗಾಳಿ ನುಗ್ಗುತ್ತದೆ. ಬದುಕಿಸಲು ಕೃತಕ ಉಸಿರು ಕೊಟ್ಟಿದ್ದರೆ ಅದೂ ಸೇರುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಒಂಬತ್ತು ಮೀಟರ್ ಆಳದ ಹನ್ನೆರಡು ನಿಮಿಷದಲ್ಲಿ ಕರಗುವ ಅನಿಲ ಹೆಚ್ಚೇನಲ್ಲ, ಆದ್ದರಿಂದ ಮೊದಲ ಕಾರಣವನ್ನು ಇಲ್ಲಿ ಜೋರಾಗಿ ಎತ್ತುವಂತಿಲ್ಲ; ಉಳಿದ ಮೂರನ್ನು ಎತ್ತಲೇಬೇಕು. ಸಾವಿನ ಎಷ್ಟು ಗಂಟೆಗಳ ನಂತರ ಪರೀಕ್ಷೆ ನಡೆಯಿತು, ದೇಹ ಶೀತಲ ಪೆಟ್ಟಿಗೆಯಲ್ಲಿತ್ತೇ, ತೆರೆಯುವ ಮುನ್ನ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಆಯಿತೇ, ಗುಳ್ಳೆ ಕಂಡದ್ದು ಹೃದಯದ ಯಾವ ಕಡೆ ಎಂದು ವೈದ್ಯರನ್ನೇ ಕೇಳಬೇಕು. ಇನ್‌ಸ್ಟ್ರಕ್ಟರ್ ಇದಕ್ಕೆ ಉತ್ತರಿಸಲು ಮುಂದಾದರೆ ತಡೆಯಬೇಡಿ, ಉತ್ತರಿಸಲಿ. ಅವರ ಕ್ಷೇತ್ರದ ಗಡಿ ದಾಖಲೆಗೆ ಬರುವುದು ಆಗಲೇ.

ತರಬೇತಿ ಸಂಸ್ಥೆಗಳ ನಿಯಮಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪ್ಯಾಡಿ ಸಂಸ್ಥೆಯ ಪ್ರಾಥಮಿಕ ಅನುಭವದ ಡೈವಿಂಗ್‌ಗೆ 12 ಮೀಟರ್ ಆಳ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ತೆರೆದ ನೀರಿನಲ್ಲಿ ನಾಲ್ವರು ಎಂಬ ಮಿತಿಗಳಿವೆ. ಅವು ಕಾನೂನಲ್ಲ, ಎಚ್ಚರಿಕೆಯ ಮಟ್ಟವನ್ನು ಅಳೆಯುವ ಸಾಕ್ಷ್ಯ ಮಾತ್ರ. ಮೇಲಾಗಿ ಅವು ಗರಿಷ್ಠ ಮಿತಿಗಳು. ‘ನಾಲ್ವರಿಗೆ ಅವಕಾಶವಿತ್ತು, ಮೂವರೇ ಇದ್ದರು’ ಎಂಬ ಉತ್ತರಕ್ಕೆ, ಅಂದಿನ ನೀರಿನಲ್ಲಿ ಎಷ್ಟು ದೂರ ಕಾಣುತ್ತಿತ್ತು, ಒಬ್ಬರನ್ನು ಮೇಲೆ ತರುವಾಗ ಉಳಿದ ಇಬ್ಬರು ಯಾರ ವಶದಲ್ಲಿದ್ದರು ಎಂದು ಕೇಳಿ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ ಇತ್ಯಾದಿ ಕೇಳುವ ಆರೋಗ್ಯ ನಮೂನೆಯನ್ನು ಯಾವ ಭಾಷೆಯಲ್ಲಿ, ದಡದಲ್ಲೋ ಅಲುಗಾಡುವ ದೋಣಿಯಲ್ಲೋ, ಯಾರು ವಿವರಿಸಿ ತುಂಬಿಸಿದರು ಎಂಬುದೂ ಇನ್‌ಸ್ಟ್ರಕ್ಟರ್ ತಜ್ಞತೆಯ ಒಳಗೇ ಬರುವ ಪ್ರಶ್ನೆ.

‘ಸ್ಕೂಬಾ ಸುರಕ್ಷಿತ ಕ್ರೀಡೆ, ಅಂಕಿಅಂಶಗಳಿವೆ’ ಎಂದು ಕೆಲವು ತಜ್ಞರು ಶುರು ಮಾಡುತ್ತಾರೆ. ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ವಿಮಾದಾರರಲ್ಲಿ ವರ್ಷಕ್ಕೆ ಲಕ್ಷಕ್ಕೆ 16.4 ಸಾವು ಎಂಬ ಅಂಕಿ ಬಹಳ ಉದ್ಧೃತವಾಗುತ್ತದೆ. ವಿಮೆ ಮಾಡಿಸಿಕೊಂಡು ಡೈವಿಂಗ್ ಮಾಡುವವರು ಸಾಮಾನ್ಯವಾಗಿ ತರಬೇತಿ ಪಡೆದವರು. ನೇತ್ರಾಣಿಯಲ್ಲಿ ಮೊದಲ ಸಲ ನೀರಿಗಿಳಿದ ನಮ್ಮವರು ಆ ಗುಂಪಿಗೆ ಸೇರುವುದಿಲ್ಲ. ಒಂದೇ ಪ್ರಶ್ನೆ ಕೇಳಿ ಮುಂದೆ ಹೋಗಿ.

ಅದೇ ಘಟನೆ ನಿರ್ಲಕ್ಷ್ಯದಿಂದಾದ ಸಾವಿಗೆ ಸಂಬಂಧಿಸಿದ, ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ ಕ್ರಿಮಿನಲ್ ಪ್ರಕರಣವೂ ಆಗಿದ್ದರೆ ತಜ್ಞರ ಸರಪಳಿ ಇನ್ನೂ ಬಿಗಿಯಾಗಿರಬೇಕು. ಮುಂಬಯಿಯ ಬಣ್ಣದ ಕಾರ್ಖಾನೆಯ ಬೆಂಕಿಗೆ ಸಂಬಂಧಿಸಿದ ಕುರ್ಬಾನ್ ಹುಸೇನ್ ಪ್ರಕರಣದಲ್ಲಿ 1965ರಲ್ಲೇ ಸರ್ವೋಚ್ಚ ನ್ಯಾಯಾಲಯ, ಸಾವಿಗೆ ಆರೋಪಿಯ ಕೃತ್ಯವು ನೇರವಾದ, ಪರಿಣಾಮಕಾರಿಯಾದ ಕಾರಣವಾಗಿರಬೇಕು, ‘ಅದಿಲ್ಲದಿದ್ದರೆ ಇದಾಗುತ್ತಿರಲಿಲ್ಲ’ ಎಂದಷ್ಟೇ ಹೇಳಿದರೆ ಸಾಲದು ಎಂದು ಸ್ಪಷ್ಟಪಡಿಸಿದೆ. ಮೊದಲ ಕೊಂಡಿಯಿಂದ ಮೂರನೆಯದಕ್ಕೆ ಹಾರುವ ತಜ್ಞರನ್ನು ಆರೋಪಿಯ ಪರ ವಕೀಲರು ನಿಲ್ಲಿಸಬೇಕಾದ ಜಾಗ ಇದೇ. ಗ್ರಾಹಕ ಆಯೋಗದಲ್ಲಿ ಅಷ್ಟು ಬಿಗಿ ಇಲ್ಲ, ಆದರೆ ಅಲ್ಲಿ ಸಾಕ್ಷಿ ಎದುರಿಗೆ ಬರುವುದೇ ಅಪರೂಪ. ಪ್ರಮಾಣಪತ್ರ, ಲಿಖಿತ ಪ್ರಶ್ನಾವಳಿ, ಲಿಖಿತ ಉತ್ತರ. ಡಾ. ಜೆ.ಜೆ. ಮರ್ಚೆಂಟ್ ಪ್ರಕರಣದಲ್ಲಿ 2002ರಲ್ಲೇ ವಿಡಿಯೋ ಕಾನ್ಫರೆನ್ಸ್ ಅಥವಾ ಸಾಕ್ಷ್ಯ ದಾಖಲಿಸಲು ನೇಮಿಸಿದ ಕಮಿಷನ್ ಮೂಲಕ ತಜ್ಞರ ಪಾಟೀಸವಾಲಿಗೆ ದಾರಿ ತೋರಿಸಲಾಗಿದೆ, 2019ರ ಕಾಯ್ದೆಯೂ ಸಕಾರಣವಿದ್ದರೆ ಖುದ್ದು ಅಥವಾ ವಿಡಿಯೋ ಮೂಲಕ ವಿಚಾರಣೆಗೆ ಅವಕಾಶ ಕೊಡುತ್ತದೆ. ಅರ್ಜಿ ಹಾಕಿ ಕೇಳಬೇಕು. ಪ್ರಶ್ನಾವಳಿಯೇ ಗತಿ ಎಂದಾದರೆ ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇಡಿ. ಉತ್ತರಿಸಲು ಸಾಕ್ಷಿಗೆ ವಾರಗಟ್ಟಲೆ ಸಮಯವಿರುತ್ತದೆ, ಉದ್ದದ ಪ್ರಶ್ನೆಯ ಸಂದುಗಳಲ್ಲಿ ಅವರು ಆರಾಮವಾಗಿ ನುಸುಳುತ್ತಾರೆ.

ಉಪನ್ಯಾಸದ ನಂತರ ಮಧುಗಿರಿಯ ಕಿರಿಯ ವಕೀಲರೊಬ್ಬರು, ಇಂಥ ಪ್ರಕರಣ ಬಂದ ದಿನ ಮೊದಲು ಯಾವ ಕಾಗದ ಬರೆಯಬೇಕು, ತಜ್ಞರನ್ನು ಹುಡುಕುವುದೇ ಎಂದು ಕೇಳಿದರು. ತಜ್ಞರು ಆಮೇಲೆ. ಮೊದಲು ಸಂಸ್ಥೆಗೆ ನೋಟಿಸ್: ಇನ್‌ಸ್ಟ್ರಕ್ಟರ್ ಹಾಗೂ ಉಳಿದ ಇಬ್ಬರ ಕೈಯಲ್ಲಿದ್ದ ಡೈವ್ ಕಂಪ್ಯೂಟರ್‌ಗಳ ಮೂಲ ದಾಖಲೆ, ಅಂದು ಗಾಳಿ ತುಂಬಿದ ಕಂಪ್ರೆಸರಿನ ಪುಸ್ತಕ, ರೆಗ್ಯುಲೇಟರ್ ಸರ್ವಿಸ್ ಚೀಟಿ, ಆರೋಗ್ಯ ನಮೂನೆ, ನೀರಿನಡಿ ತೆಗೆದ ವಿಡಿಯೋ ಇವನ್ನು ಹಾಗೆಯೇ ಉಳಿಸಿಡಬೇಕೆಂದು. ವಿಡಿಯೋ ಇದ್ದೇ ಇರುತ್ತದೆ, ಅದಕ್ಕೂ ಗ್ರಾಹಕರಿಂದ ಹಣ ಪಡೆದಿರುತ್ತಾರೆ. ಕಂಪ್ಯೂಟರ್‌ನ ನೆನಪಿಗೆ ಮಿತಿ ಇದೆ. ಇನ್‌ಸ್ಟ್ರಕ್ಟರ್ ಮರುವಾರವೂ ಅದನ್ನೇ ಕಟ್ಟಿಕೊಂಡು ದಿನಕ್ಕೆರಡು ಸಲ ನೀರಿಗಿಳಿದರೆ ಹೊಸ ದಾಖಲೆ ಹಳೆಯದನ್ನು ಒಂದೊಂದಾಗಿ ಅಳಿಸುತ್ತಾ ಹೋಗುತ್ತದೆ. ನೋಟಿಸ್ ಅಂಚೆಯಲ್ಲಿ ಹೋಗುವಷ್ಟು ಹೊತ್ತಿಗೇ ಇಮೇಲ್‌ನಲ್ಲೂ ಹೋಗಿರಲಿ.